ತಣಿಸಿ ಉಳಿದದ್ದು

ವೆಸ್ಟ್‌ಫರ್ಡ್‌ನಲ್ಲಿ ಜನವರಿ. ಸೇಬಿನ ತೋಟಗಳು ಬರೀ ಕಡ್ಡಿ.
ಗುಡ್ಡದ ನೆತ್ತಿಯ ಬಿಳಿ ಗುಮ್ಮಟ ಎಲ್ಲಿ ಮುಗಿದು
ಹಿಮ ಎಲ್ಲಿ ಶುರುವಾಯಿತೆಂದು
ಬೆಳಗಿನ ಐದಕ್ಕೆ ಹೇಳುವುದು ಕಷ್ಟ.
ಒಳಗೆ ಲಿಯೋನಾ ಪೆಲ್ಟಿಯರ್. ಅವಳ ಕೊನೆಯ ವಾರ.
ಥರ್ಮಾಸಿನ ಮುಚ್ಚಳದಲ್ಲಿ ಕರಿ ಕಾಫಿ ಹೀರುತ್ತ
ನನಗೆ ಕೆಲಸ ಒಪ್ಪಿಸುತ್ತಿದ್ದಾಳೆ.

"ಹುಡುಕಬೇಡ," ಎನ್ನುತ್ತಾಳೆ. "ಡಿಶ್ ಅಲುಗಾಡಿಸಬೇಡ.
ಹಳ್ಳಕ್ಕೆ ಕೂಳಿ ಒಡ್ಡಿ ಕೂತವನು
ಮೀನಿನ ಹಿಂದೆ ಓಡುತ್ತಾನೆಯೇ?"
(ಕೂಳಿ ಎಂದದ್ದು ನಾನು.
ಅವಳು ಹೇಳಿದ್ದು ಮೇನ್ ಕಡಲಿನ ಲಾಬ್‌ಸ್ಟರ್ ಬೋನು.)

ಆಕಾಶದ ಒಂದು ತುಣುಕಿಗೆ ಕಣ್ಣು ನೆಟ್ಟು ಕೂತೆವು.
ಏನೋ ಹಾದುಹೋಯಿತು. ಪರದೆಯ ಮೇಲೆ ಒಂದು ಗೀರು.
"ಒಡೆದ ಚೂರಾದರೆ ತೊದಲುತ್ತದೆ,
ಕೊಟ್ಟ ಅಲೆಯನ್ನು ಸೊಟ್ಟಗೆ ವಾಪಸು ಮಾಡುತ್ತದೆ.
ಇದು ನೋಡು, ಒಂದೇ ಮಾತು. ಗುಂಡಗಿದೆ.
ನಮ್ಮದೇ."

ನಮ್ಮದೇನಲ್ಲ. ಇನ್ನೊಂದು ದೇಶದ್ದು.
ಆ ದೇಶವೂ ಈಗಿಲ್ಲ.
ಕಡಲಿನ ಹಡಗುಗಳ ಮೇಲೆ ಬೇಹಿಗೆ ಬಿಟ್ಟ ಉಪಗ್ರಹಗಳು,
ಹೊಟ್ಟೆಯಲ್ಲಿ ಪುಟ್ಟ ಅಣುಒಲೆ,
ಒಲೆಯ ಕಾವು ತಣಿಸಲು ಹರಿಯುವ ಲೋಹ:
ಉಪ್ಪಿನ ಒಡಲಿನದು ಒಂದು ಪಾಲು,
ಬಾಳೆಹಣ್ಣಿನಲ್ಲಿ ಇರುವಂಥದ್ದು ಮೂರೂವರೆ.
ಉಪ್ಪು ತಿಂದವನು ನೀರು ಕುಡಿಯಲೇಬೇಕು, ಸರಿ.
ಈ ಉಪ್ಪು ನೀರು ಕಂಡರೆ ಹೊತ್ತಿಕೊಳ್ಳುತ್ತದೆ.
ಅಲ್ಲಿ ನೀರಿಲ್ಲ.
ಬದುಕಿಕೊಂಡಿತು.

ಒಮ್ಮೆ ಒಂದು ಒಲೆ ಜಾರಿ ಕೆನಡಾದ ಹಿಮದ ಮೇಲೆ ಚೆಲ್ಲಿತಂತೆ.
ಆಮೇಲೆ ಬುದ್ಧಿ ಬಂತು:
ಕೆಲಸ ಮುಗಿದ ಮೇಲೆ ಇನ್ನಷ್ಟು ಎತ್ತರಕ್ಕೆ ಒಯ್ದು
ಕೆಂಡವನ್ನು ಅಲ್ಲೇ ಉಗುಳಿಬಿಡುವುದು,
ಯಾರ ತಲೆಗೂ ಬೀಳದ ಹಾಗೆ.
ಉಗುಳುವಾಗ ಕೊಳವೆ ಕಿತ್ತುಬಂತು.
ತಂಪು ಸೋರಿತು,
ಸುರಕ್ಷೆಗೆಂದು ತೆರೆದ ಬಾಗಿಲಿನಿಂದಲೇ.

ತೂಕವಿಲ್ಲದ ಕಡೆ ಸೋರಿದ್ದಕ್ಕೆ ನೆಲ ಸಿಗುವುದಿಲ್ಲ.
ಕೆಸುವಿನೆಲೆಯೇ ಇಲ್ಲದ ಕೆಸುವಿನೆಲೆಯ ಹನಿ,
ತನ್ನನ್ನು ತಾನೇ ತಬ್ಬಿಕೊಂಡು ದುಂಡಗಾಯಿತು.
ಸಾಸಿವೆ, ಕಡಲೆ, ಗೋಲಿ, ಅಪರೂಪಕ್ಕೆ ನಿಂಬೆಕಾಯಿ.
ಹನ್ನೊಂದು ವರ್ಷಕ್ಕೊಮ್ಮೆ ಸೂರ್ಯ ಕೆರಳಿದಾಗ
ಭೂಮಿಯ ಗಾಳಿ ಹಾಲಿನಂತೆ ಉಕ್ಕಿ
ಮೇಲಿರುವವರ ಕಾಲು ಜಗ್ಗುತ್ತದೆ.
ಸಾಸಿವೆಗಳು ಮೊದಲು ಇಳಿದವು.
ಲಿಯೋನಾ ಈ ಕುರ್ಚಿಯಲ್ಲೇ ಕೂತು ಮೂರು ಉಕ್ಕು ನೋಡಿದ್ದಾಳೆ,
ಪ್ರತಿ ಸಲವೂ ಗೀರುಗಳು ಅಷ್ಟಷ್ಟು ತೆಳುವಾದವಂತೆ.
ನಿಂಬೆಕಾಯಿಗಳಿಗೆ ಮಾತ್ರ ಅವಸರವಿಲ್ಲ.
ಅವಳಾಯಿತು, ನಾನಾಯಿತು, ನನ್ನ ನಂತರದವರೂ ಮುಗಿದ ಮೇಲೆ
ಒಂದೂಮುಕ್ಕಾಲು ಗಂಟೆಗೊಂದು ಸುತ್ತು, ತಪ್ಪದೆ.
ಒಲೆ ಆರಿದೆ. ತಣಿಸುವವರು ಇನ್ನೂ ಪಾಳಿಯಲ್ಲಿದ್ದಾರೆ.

"ಕೊನೆಗೆ ಏನಾಗುತ್ತದೆ?"
"ಬಹುಶಃ ಏನೂ ಇಲ್ಲ." ಮುಚ್ಚಳ ತಿರುಗಿಸಿ ಬಿಗಿದಳು.
"ಇಲ್ಲವೇ ಒಂದು ದಿನ ಯಾವುದೋ ಉಪಗ್ರಹದ ಕಣ್ಣಿಗೆ ಬಡಿಯುತ್ತದೆ.
ಆಮೇಲೆ ಬರುವ ಚೂರುಗಳು ಗುಂಡಗಿರುವುದಿಲ್ಲ.
ಅವನ್ನು ಎಣಿಸುವುದಕ್ಕೆ ನಿನಗೆ ಸಂಬಳ."

ಹೊರಬಂದರೆ, ಅವಳ ಹಳೇ ಸುಬಾರು ಕಾರಿನ ಅಡಿಗೆ
ಹಿಮದ ಮೇಲೆ ಹಸಿರು ಕಲೆ. ರೇಡಿಯೇಟರ್ ಸೋರಿದೆ.
"ಸಿಹಿ ಇರುತ್ತದೆ ಹಾಳಾದ್ದು," ಎಂದಳು,
"ನರಿ ನೆಕ್ಕಿದರೆ ಕಥೆ ಮುಗಿಯಿತು."
ಡಿಕ್ಕಿಯಿಂದ ಬೆಕ್ಕಿನ ಮರಳು ತಂದು ಸುರಿದು
ಮಂಡಿಯೂರಿ ಕೂತಳು, ಅರವತ್ತಾರರ ಮಂಡಿ,
ಹಸಿರು ಹಿಮವನ್ನೆಲ್ಲ ಕೈಗವಸಿನಲ್ಲೇ ಬಾಚಿ
ಚೀಲಕ್ಕೆ ತುಂಬಿದಳು. ಹತ್ತು ನಿಮಿಷ ಹಿಡಿಯಿತು.
ನಾನು ಟಾರ್ಚ್ ಹಿಡಿದು ನಿಂತಿದ್ದೆ.

ಟೈರಿನ ಪಕ್ಕ ಒಂದು ಹನಿ ಉಳಿದಿತ್ತು. ತೋರಿಸಿದೆ.
ಅದನ್ನೂ ಬಾಚಿದಳು.